ಮೂರನೇ ಯಂತ್ರದ ಹಸಿರು

'ಮೂರೂ ಯಂತ್ರಗಳಿಗೆ ಒಂದೇ ದಿನ ವೈರಸ್‌ಗಳ ಹೊಸ ಯಾದಿ ಹಾಕಿದ್ದು. ಎರಡು ಕೆಂಪಾದವು, ಮೂರನೆಯದು ಮಾತ್ರ ಹಸಿರೇ ಉಳಿಯಿತು. ನಾನು ದಿನಾ ಅದರ ಮುಂದೆ "ಸರಿ ಇದೆ" ಎಂದು ಬರೆಯುತ್ತೇನೆ. ಸರಿ ಇರುವುದು ನನಗೆ ಹೇಗೆ ಗೊತ್ತು?'

ಡೈರಿಯಲ್ಲಿ ಇಷ್ಟು ಬರೆದು ಕಾವೇರಿ ಅದರ ಮೇಲೆ ಅಂಗೈ ಮುಚ್ಚಿದಳು. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು.

ಬಿ.ಎ. ಮುಗಿಸಿ, ಮೂರು ತಿಂಗಳು ಕಂಪ್ಯೂಟರ್ ಕಲಿತು, ಸಪ್ತಾಪುರದಲ್ಲಿ ಗುರುಶಿದ್ದಪ್ಪನ ಟೈಪಿಂಗ್ ಅಂಗಡಿ ಸೇರಿ ಅವಳಿಗೆ ಐದು ತಿಂಗಳಾಗಿತ್ತು. ವಿಶ್ವವಿದ್ಯಾಲಯದ ಸಂಶೋಧಕರ ಪ್ರಬಂಧಗಳೇ ಅಲ್ಲಿನ ಮುಖ್ಯ ಕೆಲಸ. ಬಂದವರೆಲ್ಲ ಅಂಗಿಯ ಜೇಬಿನಿಂದ ಫ್ಲಾಪಿ ತೆಗೆಯುತ್ತಿದ್ದರು. ಯಾರ ಫ್ಲಾಪಿಯಲ್ಲಿ ಯಾವ ವೈರಸ್ ಕೂತಿರುತ್ತದೋ ಹೇಳುವಂತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಮೂರೂ ಯಂತ್ರಗಳ ಪರದೆಯ ಮೂಲೆಯಲ್ಲಿ ಆಂಟಿವೈರಸ್ಸಿನ ಗುರುತು ನೋಡಿ ವಹಿಯಲ್ಲಿ ಬರೆಯುವುದು ಅವಳ ಪಾಲಿಗೆ ಬಂದಿತ್ತು. ಹಸಿರಿದ್ದರೆ ವೈರಸ್‌ಗಳ ಯಾದಿ ಹೊಸದು, ಕೆಂಪಾದರೆ ತಿಂಗಳು ದಾಟಿದೆ ಎಂದರ್ಥ. ಅಂಗಡಿಗೆ ಇಂಟರ್ನೆಟ್ ಇರಲಿಲ್ಲ. ಹುಬ್ಬಳ್ಳಿಯ ಮುಜಾಫರ ಪ್ರತಿ ತಿಂಗಳ ಕೊನೆಯ ಮಂಗಳವಾರ ಸ್ಕೂಟರ್ ಮೇಲೆ ಬಂದು ಸಿಡಿಯಿಂದ ಹೊಸ ಯಾದಿ ಹಾಕಿಹೋಗುತ್ತಿದ್ದ.

ಸೆಪ್ಟೆಂಬರಿನಲ್ಲಿ ಆತ ಎರಡಕ್ಕೇ ಹಾಕಿದ. ಮೂರನೆಯದನ್ನು ಬಗ್ಗಿ ನೋಡಿ, ಚಹಾ ಕುಡಿದು ಎದ್ದುಹೋದ. ಅಂದಿನಿಂದ ಕಾವೇರಿಯ ತಲೆಗೆ ಹುಳ ಹೊಕ್ಕಿತ್ತು. ಯಂತ್ರ ಕೆಟ್ಟರೆ ರಿಪೇರಿಗೆ ಕರೆಯುವುದು ಇವನನ್ನೇ ಅಲ್ಲವೇ? ಬೇಕಂತಲೇ ಬಿಟ್ಟನೇ? ಚೀಲದ ಬಾಯಿಯನ್ನು ಅಷ್ಟು ಬಿಗಿಯಾಗಿ ಏಕೆ ಕಟ್ಟಿಕೊಂಡ? ಯಾರಿಗೂ ಹೇಳಲಿಲ್ಲ. ಹೇಳುವ ಜಾತಿಯವಳೂ ಅಲ್ಲ. ಗಿರಾಕಿಗೆ 'ಕೂಡ್ರಿ' ಎನ್ನುವಾಗಲೂ ಅವಳ ದನಿ ಹಲ್ಲಿನಾಚೆ ದಾಟುತ್ತಿರಲಿಲ್ಲ.

ಅಕ್ಟೋಬರ್ ಹದಿನೈದರ ಬೆಳಿಗ್ಗೆ ಉಪ್ಪಿನಬೆಟಗೇರಿಯ ಮೈಲಾರಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಇತಿಹಾಸದ ಸಂಶೋಧಕ, ಎರಡು ಅಧ್ಯಾಯ ಮೂರನೇ ಯಂತ್ರದಲ್ಲೇ ಟೈಪಾಗಿದ್ದವು.

"ಗುರುಶಿದ್ದಪ್ಪಣ್ಣಾರ, ಫ್ಲಾಪಿ ತಗದ್ರ ಬರೇ ಚೌಕ, ತ್ರಿಕೋನ! ಗೈಡ್ ಕೇಳಿದ್ರು, ಇದ್ಯಾವ ಕಾಲದ ಲಿಪಿಪಾ ಅಂತ."

ಯಂತ್ರದಲ್ಲಿದ್ದ ಪ್ರತಿಯೂ ಹಾಗೇ ಹಾಳಾಗಿತ್ತು, ಯಾವುದೋ ಹೊಸ ವೈರಸ್ ಹೊಕ್ಕಿತ್ತು. ಗುರುಶಿದ್ದಪ್ಪ ಕಾವೇರಿಯತ್ತ ತಿರುಗಿದ.

"ತಂಗಿ, ಹ್ವಾದ ತಿಂಗಳ ಮುಜಾಫರ ಇದಕ್ಕ ಸಿಡಿ ಹಾಕ್ಯಾನಿಲ್ಲೋ?"

"ಇಲ್ರಿ," ಎಂದಳು. ಖರೇ ಮಾತೇ. ಆದರೂ ಹಸಿರಿದ್ದ ಸಂಗತಿ ಬಿಟ್ಟು ಅರ್ಧ ಮಾತ್ರ ಆಡಿದಂತೆನಿಸಿತು.

ಗುರುಶಿದ್ದಪ್ಪ ಆಗಲೇ ಫೋನ್ ಎತ್ತಿದ್ದ. "ಈಗಿಂದೀಗ ಬಾ. ನಿನ್ನ ಬಂಡವಾಳ ಬಯಲಿಗೆ ಬಂದೈತಿ."

ಮುಜಾಫರ ಬರುವಷ್ಟರಲ್ಲಿ ಅವನ ತಪ್ಪಿಗೆ ಪುರಾವೆ ಹುಡುಕಿಡೋಣವೆಂದು ಕಾವೇರಿ ಮೂರನೇ ಯಂತ್ರದ ಮುಂದೆ ಕುಳಿತಳು. ಹಸಿರು ಗುರುತನ್ನು ಒತ್ತಿದಳು. ಯಾದಿಯ ತಾರೀಖು ಆಗಸ್ಟ್ ಇಪ್ಪತ್ತಾರು. ಐವತ್ತು ದಿನ ಹಳತು! ಮತ್ತೆ ಹಸಿರು ಹೇಗೆ? ಪರದೆಯಲ್ಲಿ ಅದರ ಪಕ್ಕದಲ್ಲಿದ್ದ ಗಡಿಯಾರದ ಮೇಲೆ ಎರಡು ಸಲ ಒತ್ತಿದಳು. ಪುಟ್ಟ ಕ್ಯಾಲೆಂಡರ್ ತೆರೆಯಿತು. ಯಂತ್ರದ ಪಾಲಿಗೆ ಈ ಹೊತ್ತು ಆಗಸ್ಟ್ ಹದಿನೈದು. ಯಾದಿ ಹಾಕುವ ದಿನ ಅದಕ್ಕಿನ್ನೂ ಬಂದೇ ಇರಲಿಲ್ಲ, ಹಳತೆನ್ನುವುದಾದರೂ ಹೇಗೆ?

ಕಾವೇರಿಗೆ ನೆನಪಾಯಿತು.

ಆಗಸ್ಟ್ ಮೂವತ್ತರಂದು ಹಾಸ್ಟೆಲಿನ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ಬಂದಿದ್ದಳು. ಕೊನೆಯ ದಿನ ದಾಟಿದ್ದ ಅವಳ ಅರ್ಜಿಯ ಮೇಲೆ ಜೂನ್ ಮೂವತ್ತರ ತಾರೀಖೇ ಬರಬೇಕಿತ್ತು. ಅಂಗಡಿಯ ಅರ್ಜಿ ನಮೂನೆಯಲ್ಲಿ ಅಂದಿನ ತಾರೀಖು ತಾನಾಗಿ ಮೂಡುತ್ತಿತ್ತು. ಅಳಿಸಿದರೆ ಮತ್ತೆ ಬರುತ್ತಿತ್ತು. ಕೇಳಿದರೆ ಕಂಪ್ಯೂಟರ್ ಬರುವುದಿಲ್ಲವೆಂದು ಗೊತ್ತಾದೀತೆಂಬ ಅಂಜಿಕೆಗೆ ಕಾವೇರಿ ಈ ಯಂತ್ರದ ತಾರೀಖನ್ನೇ ಎರಡು ತಿಂಗಳು ಹಿಂದೆ ತಿರುಗಿಸಿ ಮುದ್ರಿಸಿಕೊಟ್ಟಿದ್ದಳು. ಮರಳಿ ಸರಿಮಾಡುವುದನ್ನು ಮರೆತಿದ್ದಳು. ಮೂಲೆಯಲ್ಲಿ ಕಾಣುವುದು ಗಂಟೆ ಮಾತ್ರ, ಆಮೇಲೆ ಈ ಯಂತ್ರದಲ್ಲಿ ಅರ್ಜಿಗಳೂ ಟೈಪಾಗಿರಲಿಲ್ಲ, ಹಾಗಾಗಿ ಯಾರಿಗೂ ತಿಳಿದಿರಲಿಲ್ಲ.

ಹೊರಗೆ ಸ್ಕೂಟರ್ ನಿಂತಿತು. ಅವಳು ಕ್ಯಾಲೆಂಡರನ್ನು ಗಬಕ್ಕನೆ ಮುಚ್ಚಿದಳು.

"ಏನ್ರಿ ಕಾಕಾ, ಬೆಂಕಿ ಹತ್ತಿದ್ಹಂಗ ಕರದ್ರಿ?" ಮುಜಾಫರ ನಗುತ್ತ ಬಂದ.

"ಬೆಂಕಿ ಹಚ್ಚಿದಾವ್ನ ಕೇಳ್ತಾನ ನೋಡ್ರಿ. ಮೂರನೇದಕ್ಕ ಯಾಕ ಸಿಡಿ ಹಾಕ್ಲಿಲ್ಲ?"

"ಹಸಿರಿತ್ತಲ್ರಿ. ಎರಡು ಕೆಂಪಾಗಿದ್ವು, ಹಾಕಿದೆ."

"ಹಸಿರ ನೋಡಿ ಹೋಗಾಕ ನೀ ಏನ್ ರೈಲ್ವೆ ಗಾರ್ಡ್ ಏನಲೇ?" ಗುರುಶಿದ್ದಪ್ಪ ಮೇಜು ಗುದ್ದಿದ. "ರಿಪೇರಿ ಕೆಲಸ ಹುಟ್ಟಿಸ್ಕೊಳ್ಳಾಕತ್ತಿ. ಈ ಓಣ್ಯಾಗ ನಾಕ ಅಂಗಡಿ ನಿನ್ನ ಕೈಯಾಗ ಅದಾವ. ನಾಕೂ ಕಡೆ ಹೇಳ್ತೇನಿ. ನಾಳಿಂದ ಸಪ್ತಾಪುರದಾಗ ಕಾಲಿಡಬ್ಯಾಡ."

ಮುಜಾಫರನ ನಗು ಆರಿತು. "ಆರು ವರ್ಷ ಆತ್ರಿ ನಿಮ್ಮ ಮನಿ ಉಪ್ಪು ತಿಂದು. ನಾ ಅಂಥಾವ ಅಂತ ನಿಮಗ ಅನಿಸಿದ್ರ, ಆತ್ ಬಿಡ್ರಿ." ಇನ್ನೂ ಬಿಚ್ಚದ ಚೀಲವನ್ನು ಹೆಗಲಿಗೆ ಹಾಕಿಕೊಂಡ.

ಮೈಲಾರಿ ನೆಲ ನೋಡುತ್ತ ನಿಂತಿದ್ದ. ಕಾವೇರಿ ಮತ್ತೆ ಪರದೆಯತ್ತ ತಿರುಗಿದಳು. ಸುಮ್ಮನಿದ್ದರೆ ಆಯಿತು, ತಾರೀಖನ್ನು ಮೆಲ್ಲಗೆ ಸರಿಮಾಡಿದರೆ ಆ ಹಸಿರೂ ಹೋಗುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಬೆರಳು ಮೌಸಿನ ಮೇಲೆಯೇ ಇತ್ತು. ಮುಜಾಫರ ಹೊಸ್ತಿಲಾಚೆ ಒಂದು ಕಾಲಿಟ್ಟ.

ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಮೂವರೂ ತಿರುಗಿ ನೋಡಿದರು. ಕಾವೇರಿ ಎದ್ದು ನಿಂತಿದ್ದಳು.

"ಮುಜಾಫರಣ್ಣಾರು ಏನೂ ಮಾಡಿಲ್ರಿ," ಎಂದಳು. ಅವಳ ದನಿ ಅಂಗಡಿಯ ಹೊರಗೂ ಕೇಳಿಸಿತು. "ಯಂತ್ರದ ತಾರೀಖ ಹಿಂದ ಹಾಕಿದಾಕಿ ನಾನ್ರಿ."