ಹದಿನಾಲ್ಕು ಎಣಿಕೆಯ ಮೌನ

ಬೆಳಿಗ್ಗೆ ಹತ್ತೂವರೆಯೊಳಗೆ ಮೂರು ಫೋನ್ ಬಂದಿದ್ದವು. ಮೊದಲು ಡ್ರಮ್ಮರ್. "ಮೇಡಂ, ಎಲ್ಲ ಚೆನ್ನಾಗಿದೆ. ನನ್ನ ಸಿಂಬಲ್ ಸದ್ದು ಮಾತ್ರ ಸ್ವಲ್ಪ ಮೇಲೆತ್ತಿ." ಆಮೇಲೆ ಗಿಟಾರಿನವನು. "ನಂದು ಸ್ವಲ್ಪ ಮುಂದೆ ಬರ್ಲಿ, ಬೇರೆ ಏನೂ ಮುಟ್ಟಬೇಡಿ." ಕೊನೆಗೆ ಸ್ಯಾಕ್ಸೋಫೋನಿನ ಡಾಕ್ಟರು. ಇವರು ನಿಜಕ್ಕೂ ಹಲ್ಲಿನ ಡಾಕ್ಟರೇ. ಹಲ್ಲು ಕೀಳುವ ಮುಂಚೆ ರೋಗಿಯ ಹತ್ತಿರ ಮಾತಾಡುವಷ್ಟೇ ಮೃದುವಾಗಿ, ತಮ್ಮದೇನೂ ಜಾಸ್ತಿ ಮಾಡುವುದು ಬೇಡ, ಉಳಿದ ನಾಲ್ವರನ್ನು ಸ್ವಲ್ಪ ತಗ್ಗಿಸಿದರೆ ಸಾಕು ಎಂದರು. ಇವರೆಲ್ಲರ 'ಸ್ವಲ್ಪ'ಗಳನ್ನು ಕೂಡಿಸಿದರೆ ನನ್ನ ಸ್ಪೀಕರ್ ಹರಿದುಹೋಗುತ್ತದೆ. ಆಗಲಿ ಅಂದೆ ಮೂವರಿಗೂ. ಯಾರದ್ದನ್ನೂ ಮುಟ್ಟಲಿಲ್ಲ.

ಘಟಾನುಘಟಿಗಳನ್ನು ಒಂದೇ ವೇದಿಕೆ ಹತ್ತಿಸಿದರೆ ಹೀಗೇ. ಒಬ್ಬೊಬ್ಬರಿಗೂ ಸ್ವಂತ ತಂಡ, ಸ್ವಂತ ಅಭಿಮಾನಿಗಳು. ಮೂರು ಸಂಜೆ ಒಟ್ಟಾಗಿ ನಿಂತು ಎರಡು ಸಾವಿರ ಜನರೆದುರು ಜಾಝ್ ಫ್ಯೂಷನ್ ನುಡಿಸಿದರು. ಅದನ್ನು ಆಲ್ಬಂ ಆಗಿಸುವ ಕೆಲಸ ನನ್ನದು. ನಾಲ್ವರು ದೊಡ್ಡ ಹೆಸರಿನವರು. ಐದನೆಯವನು, ಬೇಸ್ ಗಿಟಾರ್ ನುಡಿಸಿದವನು, ನನ್ನ ತಮ್ಮ. ನುಡಿಸಬೇಕಾಗಿದ್ದವರು ಕೈಮುರಿದುಕೊಂಡರು ಅಂತ ಇವನನ್ನು ಕರೆದಿದ್ದರು. ಮುಂದಿನ ತಿಂಗಳು ಇದೇ ತಂಡ ಹನ್ನೊಂದು ಊರು ಸುತ್ತಲಿದೆ. ಬೇಸ್‌ಗೆ ಯಾರು ಎಂದು ಇನ್ನೂ ಯಾರೂ ಹೇಳಿಲ್ಲ.

ನಾಲ್ಕನೇ ಫೋನ್ ಅವನದು.

"ಅಕ್ಕಾ, ಕೊನೇ ಹಾಡು ಮೂರನೇ ದಿನದ್ದೇ ಹಾಕ್ತಿದೀಯಾ?"

"ಟೀಚರ್ ಆರಿಸಿದ್ದು ಅದನ್ನೇ."

"ಅದನ್ನ ಸರಿ ಮಾಡು. ಅವರು ಕೇಳೋದ್ರೊಳಗೆ."

ಟೀಚರ್ ಅಂದರೆ ಪಿಯಾನೊ ನುಡಿಸುವವರು, ತಂಡದ ಹಿರಿಯರು. ಎಪ್ಪತ್ತಮೂರು ವರ್ಷ. ಈ ಊರಿನಲ್ಲಿ ಪಿಯಾನೊ ಮುಟ್ಟಿದ ಅರ್ಧದಷ್ಟು ಜನಕ್ಕೆ ಕಿವಿ ಹಿಂಡಿ ಕಲಿಸಿದವರು. ಸಂಜೆ ನಾಲ್ಕಕ್ಕೆ ಬಂದು ಕೇಳಿ ಒಪ್ಪಿಗೆ ಕೊಟ್ಟರೆ ಆಲ್ಬಂ ಮುಗಿದ ಹಾಗೆ.

ಸರಿ ಮಾಡಬೇಕಾಗಿದ್ದು ಏನೆಂದು ತಮ್ಮ ಹೇಳುವ ಅಗತ್ಯವಿರಲಿಲ್ಲ. ಅದು ಏಳು ಎಣಿಕೆಯ ಹಾಡು. ಒಂಬತ್ತನೇ ನಿಮಿಷದಲ್ಲಿ ಐವರೂ ಒಮ್ಮೆಗೇ ನಿಲ್ಲಿಸಬೇಕು. ಎರಡು ಸುತ್ತು, ಅಂದರೆ ಹದಿನಾಲ್ಕು ಎಣಿಕೆ, ಪೂರ್ತಿ ಮೌನ. ಆಮೇಲೆ ಐವರೂ ಒಟ್ಟಿಗೆ ಹೊಡೆಯಬೇಕು. ಮೊದಲೆರಡು ದಿನ ಗಡಿಯಾರದ ಹಾಗೆ ನಡೆಯಿತು. ಮೂರನೇ ದಿನ ನನ್ನ ತಮ್ಮ ಒಂದೇ ಸುತ್ತಿಗೆ ಬಂದುಬಿಟ್ಟ. ಅಷ್ಟು ದೊಡ್ಡ ಸಭಾಂಗಣದಲ್ಲಿ ಅವನದೊಂದೇ ಸ್ವರ. ಒಂದೆರಡು ಎಣಿಕೆ ಅವನೊಬ್ಬನೇ. ಆಮೇಲೆ ಪಿಯಾನೊ ಬಂತು, ಡ್ರಮ್ ಬಂತು, ಎಲ್ಲರೂ ಬಂದರು. ಅಲ್ಲಿಂದ ಹಾಡು ಯಾರೂ ಬರೆದಿಡದ ದಾರಿ ಹಿಡಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಿಗೇನು ಗೊತ್ತು.

"ಯಾರೂ ನಂಗೆ ಏನೂ ಅಂದಿಲ್ಲ ಅಕ್ಕಾ. ಮೂರು ವಾರ ಆಯ್ತು. ಬೈದಿದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಅವತ್ತು ಗಡಿಬಿಡೀಲಿ ಯಾರೋ ಸನ್ನೆ ಮಾಡಿರ್ಬೇಕು ಅಂದ್ಕೊಂಡಿರ್ತಾರೆ. ಕೂತು ಕೇಳಿದ್ರೆ ಯಾರ ತಪ್ಪು ಅಂತ ಗೊತ್ತಾಗತ್ತೆ. ಆಮೇಲೆ ಹನ್ನೊಂದು ಊರಿಗೂ ಬೇರೆ ಯಾರೋ ಹೋಗ್ತಾರೆ."

ಚಿಕ್ಕಂದಿನಿಂದ ಇವನು ಒಡೆದಿದ್ದನ್ನೆಲ್ಲ ನಾನು ಅಂಟಿಸುತ್ತಲೇ ಬಂದಿದ್ದೇನೆ. ಅಪ್ಪನ ಕನ್ನಡಕ, ಪಕ್ಕದ ಮನೆಯ ಗಾಜು, ಅವನ ಮೊದಲ ಮದುವೆ. ಮದುವೆ ಮಾತ್ರ ಅಂಟಲಿಲ್ಲ. ವಯಸ್ಸು ನಲವತ್ತಾಗಿದೆ, ಈಗಲೂ ಅಕ್ಕಾ ಎಂದು ಎಳೆದರೆ ನನ್ನ ಕೈ ತಾನಾಗಿ ಅಂಟಿನ ಡಬ್ಬಿಗೆ ಹೋಗುತ್ತದೆ. ಅವನಿಗಿಂತ ನನ್ನ ಮೇಲೇ ನನಗೆ ಕೋಪ. "ಮೂರಕ್ಕೆ ಬಾ" ಎಂದು ಫೋನ್ ಕುಕ್ಕಿದೆ.

ನನ್ನ ಸ್ಟುಡಿಯೋ ಮೂರನೇ ಮಹಡಿಯಲ್ಲಿದೆ. ಕೆಳಗೆ ಬಡಗಿಯ ಕಾರ್ಖಾನೆ. ಅವನ ಗರಗಸ ಶುರುವಾದರೆ ಗೋಡೆಗೆ ಎಷ್ಟು ಸ್ಪಂಜು ಹೊಡೆದಿದ್ದರೂ ನೆಲದಿಂದ ಅಂಗಾಲಿಗೆ ಬರುತ್ತದೆ. ಅವನು ಊಟಕ್ಕೆ ಹೋಗುವ ಒಂದರಿಂದ ಎರಡೂವರೆ ನನಗೆ ಚಿನ್ನದಂಥ ಹೊತ್ತು. ನನ್ನ ಊಟ ಅಂದು ಡಬ್ಬಿಯಲ್ಲೇ ತಣ್ಣಗಾಯಿತು.

ಉಪಾಯವೇನೋ ಸುಲಭದ್ದು. ಮೌನ ಬರುವವರೆಗೆ ಮೂರನೇ ದಿನದ್ದು, ಆಮೇಲಿನ ನಲವತ್ತು ಸೆಕೆಂಡು ಮೊದಲನೇ ದಿನದ್ದು, ಮತ್ತೆ ಮೂರನೇ ದಿನಕ್ಕೆ ವಾಪಸ್ಸು. ಕಷ್ಟವಿರುವುದು ಸಭಾಂಗಣದ ಉಸಿರನ್ನು ಹೊಂದಿಸುವುದರಲ್ಲಿ. ಜನ ಸುಮ್ಮನಿದ್ದರೂ ಎರಡು ಸಾವಿರ ಜನರ ಸುಮ್ಮನಿರುವಿಕೆಗೆ ಒಂದು ಸದ್ದಿರುತ್ತದೆ. ಅದು ದಿನದಿಂದ ದಿನಕ್ಕೆ ಬೇರೆ. ಅದಕ್ಕೆ ಆ ಮೌನವನ್ನು ಒಂದೊಂದೇ ಮೈಕ್‌ನಿಂದ ಬಿಡಿಸಿ ಕೇಳುತ್ತಾ ಹೋದೆ. ಯಾವ ಮೈಕೂ ತನ್ನ ವಾದ್ಯವನ್ನಷ್ಟೇ ಕೇಳಿಸಿಕೊಂಡು ಕೂರುವುದಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಸೋರಿಕೆ ಅನ್ನುತ್ತೇವೆ.

ಡ್ರಮ್ಮಿನ ಮೈಕ್‌ನಲ್ಲಿ ಕುರ್ಚಿಯ ಕಿರುಗುಟ್ಟುವಿಕೆ. ಡಾಕ್ಟರ ಮೈಕ್‌ನಲ್ಲಿ ಅವರು ಗಂಟಲು ಸರಿಮಾಡಿಕೊಂಡದ್ದು. ಪಿಯಾನೊದ ಮೈಕ್ ತೆರೆದೆ.

ಟೀಚರ್ ಎಣಿಸುತ್ತಿದ್ದರು. ಮೌನದಲ್ಲಿ ಅವರು ಬಾಯೊಳಗೇ ಎಣಿಸುತ್ತಾರೆಂದು ನಮಗೆಲ್ಲ ಗೊತ್ತು. ತಗ್ಗಿದ, ಒಣಗಿದ ದನಿ. "ಒಂದು, ಎರಡು, ಮೂರು, ನಾಲ್ಕು." ಒಂದು ತಡೆ. "ನಾಲ್ಕು." ಮತ್ತೆ ತಡೆ. ಆಮೇಲೆ ಯಾರನ್ನೋ ಕೇಳುವವರಂತೆ, "ಎಷ್ಟು?"

ಆಗ ನನ್ನ ತಮ್ಮನ ತಪ್ಪು ಸ್ವರ ಬಂತು. ಟೀಚರ್ "ಹಾಂ" ಅಂದರು. ಅವರ ಕೈ ಪಿಯಾನೊದ ಮೇಲೆ ಬಿತ್ತು.

ನಾನು ಹೆಡ್‌ಫೋನ್ ತೆಗೆದಿಟ್ಟು ಕೈ ತೊಳೆದುಕೊಂಡು ಬಂದೆ. ಕೈಯೇನೂ ಕೊಳೆಯಾಗಿರಲಿಲ್ಲ. ಮತ್ತೆ ಕೂತು ಕೇಳಿದೆ. ಆರು ಸಲ ಕೇಳಿದೆ. "ಎಷ್ಟು?" ಅನ್ನುವ ಆ ದನಿಯಲ್ಲಿ ಭಯವಿತ್ತು. ನನಗೂ ಭಯವಾಯಿತು. ಹತ್ತು ವರ್ಷದವಳಿದ್ದಾಗ ನನ್ನ ಬೆರಳಿನ ಮೇಲೆ ಪೆನ್ಸಿಲ್‌ನಿಂದ ಕುಟ್ಟಿ ಎಣಿಕೆ ಕಲಿಸಿದವರು ಅವರು.

ಈ ಎಂಟು ಸೆಕೆಂಡನ್ನು ತಮ್ಮನಿಗೆ ಕೇಳಿಸಿದರೆ ಅವನ ಮೂರು ವಾರದ ಸಂಕಟ ಒಂದೇ ಏಟಿಗೆ ಇಳಿದುಹೋಗುತ್ತಿತ್ತು. ಆದರೆ ಟೀಚರ ಮರ್ಯಾದೆ ತೆಗೆದು ಇವನ ಮರ್ಯಾದೆ ಕಾಪಾಡುವುದೇ? ನನ್ನಿಂದಾಗದು. ಬಾಯಿಗೆ ಬೀಗ ಹಾಕಿಕೊಂಡು ಮೊದಲನೇ ದಿನದ ನಲವತ್ತು ಸೆಕೆಂಡು ತಂದು ಕೂರಿಸಿದೆ. ಇಬ್ಬರ ತಪ್ಪೂ ಹೋಯಿತು. ಕೆಳಗೆ ಗರಗಸ ಶುರುವಾಯಿತು.

ಮೂರಕ್ಕೆ ಬಂದ ತಮ್ಮ ಕುರ್ಚಿಯ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಾ ಕೇಳಿದ. ಮೌನ ಪೂರ್ತಿ ಹದಿನಾಲ್ಕು ಎಣಿಕೆ ನಡೆದು ಎಲ್ಲರೂ ಒಟ್ಟಿಗೆ ಹೊಡೆದಾಗ ಉಸಿರು ಬಿಟ್ಟ.

"ಗೊತ್ತೇ ಆಗಲ್ಲ ಅಕ್ಕಾ. ನೀನು ಇದ್ರೆ ನಂಗೇನು ಚಿಂತೆ."

"ಚಿಂತೆಯೆಲ್ಲ ನಂಗೆ ಬಿಟ್ಟಿದೀಯಲ್ಲ. ಆ ಕಾಲು ಅಲ್ಲಾಡಿಸೋದು ನಿಲ್ಲಿಸು ಮೊದಲು."

ಅವನು ನನ್ನ ಡಬ್ಬಿ ತೆಗೆದು, ತಣ್ಣಗಾದ ಊಟವನ್ನು ಚೊಕ್ಕವಾಗಿ ಮುಗಿಸಿದ. ಕಾಲು ಮಾತ್ರ ನಿಲ್ಲಲಿಲ್ಲ.

ನಾಲ್ಕಕ್ಕೆ ಟೀಚರ್ ಮೆಟ್ಟಿಲು ಹತ್ತಿ ಬಂದರು. ಅವರಿಗೆ ಮೆಟ್ಟಿಲೂ ಎಣಿಸಿಕೊಂಡೇ ಹತ್ತುವ ಅಭ್ಯಾಸ. ಬಾಗಿಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾ, "ಐವತ್ತೆರಡು. ಹೋದ ಸಲ ಐವತ್ತನಾಲ್ಕಿತ್ತು. ಎರಡು ಕಡಿಮೆ ಮಾಡಿಸಿದ್ಯೇನೇ?" ಎಂದರು. ತಮ್ಮ ನಕ್ಕ. ನಾನು ಅವರಿಗೆ ಕುರ್ಚಿ ಎಳೆದುಕೊಟ್ಟೆ.

ಬಡಗಿಗೆ ಫೋನ್ ಮಾಡಿ ಕಾಲು ಗಂಟೆ ಗರಗಸ ನಿಲ್ಲಿಸಲು ಬೇಡಿಕೊಂಡೆ. ಹಾಡು ಹಾಕಿದೆ. ಟೀಚರ್ ಕಣ್ಣು ಮುಚ್ಚಿ ಕೇಳಿದರು. ಮೌನ ಬಂತು. ಅವರ ಬೆರಳು ತೊಡೆಯ ಮೇಲೆ ಎಣಿಸುತ್ತಿತ್ತು. ಐವರೂ ಒಟ್ಟಿಗೆ ಹೊಡೆದಾಗ ಬೆರಳು ನಿಂತಿತು, ಕಣ್ಣು ತೆರೆಯಿತು.

"ನಿಲ್ಲಿಸು. ಇದು ಮೂರನೇ ದಿನದ್ದಲ್ಲ."

ನಾನು ನಿಲ್ಲಿಸಿದೆ.

"ಯಾರು ಬದಲಾಯ್ಸಿದ್ದು?"

"ನಾನೇ ಟೀಚರ್. ಅಲ್ಲಿ ಏನೋ ಸದ್ದು ಬಂದಿತ್ತು" ಎಂದೆ. ಅಂಟಿನ ಡಬ್ಬಿ ಕೈಯಲ್ಲೇ ಇತ್ತಲ್ಲ.

ಟೀಚರ್ ನನ್ನ ಮುಖವನ್ನೇ ನೋಡಿದರು. ಬೆರಳಿಗೆ ಪೆನ್ಸಿಲ್ ಏಟು ಬೀಳುವ ಮುಂಚೆ ನೋಡುತ್ತಿದ್ದ ನೋಟವೇ. ಆಗ ತಮ್ಮನ ಕಾಲು ನಿಂತಿತು.

"ಅಕ್ಕ ಅಲ್ಲ ಟೀಚರ್, ನಾನು ಹೇಳಿದ್ದು. ಅವತ್ತು ನಂಗೆ ಎಣಿಕೆ ತಪ್ಪಿತು. ಒಂದೇ ಸುತ್ತಿಗೆ ಬಂದ್ಬಿಟ್ಟೆ. ಸನ್ನೆ ಯಾರೂ ಮಾಡಿರಲಿಲ್ಲ."

ಅವನು ಒಡೆದಿದ್ದನ್ನು ತಾನೇ ಒಪ್ಪಿಕೊಂಡದ್ದನ್ನು ನಲವತ್ತು ವರ್ಷದಲ್ಲಿ ಅದೇ ಮೊದಲು ಕೇಳಿದ್ದು ನಾನು.

"ನಿಂದು ತಪ್ಪಿದ್ದು ಎಲ್ರಿಗೂ ಗೊತ್ತು" ಎಂದರು ಟೀಚರ್. "ಅದನ್ನ ಕೇಳೋಕೇ ನಾನು ಇಷ್ಟು ಮೆಟ್ಟಿಲು ಹತ್ತಿದ್ದು. ಹಳೇದು ಇದೆಯೋ, ಅಳಿಸಿದ್ಯೋ?"

"ಅಳಿಸೋ ಅಭ್ಯಾಸ ನಂಗಿಲ್ಲ ಟೀಚರ್. ಆದ್ರೆ ಅಲ್ಲಿ ನಿಮ್ಮ ದನಿ ಇದೆ."

"ಎಲ್ಲಾ ಕೇಳಿಸ್ಕೊಂಡ್ಯಾ?"

"ಹೂಂ."

"ಇವನಿಗೆ ಹೇಳಿದ್ಯಾ?"

"ಇಲ್ಲ."

"ಹಾಕು. ಪಿಯಾನೊ ಮೈಕ್ ಒಂದೇ ಹಾಕು."

ನನಗೆ ಇಷ್ಟವಿರಲಿಲ್ಲ. ಆದರೂ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕು. ಎಷ್ಟು? ತಮ್ಮನ ಸ್ವರ ದೂರದಿಂದ ಬಂದಂತೆ ಕೇಳಿಸಿತು. ಆಮೇಲೆ ಆ "ಹಾಂ". ತಮ್ಮ ತಲೆ ತಗ್ಗಿಸಿ ಕೂತಿದ್ದ.

"ಐವತ್ತೈದು ವರ್ಷದಲ್ಲಿ ಅದೇ ಮೊದಲು" ಎಂದರು ಟೀಚರ್. "ನಾಲ್ಕು ಆದ್ಮೇಲೆ ಏನೂ ಇರಲಿಲ್ಲ, ಬರೀ ಕತ್ತಲೆ. ನೀನು ಸರಿಯಾಗಿ ಎಣಿಸಿ ಬಂದಿದ್ರೆ ನೀವೆಲ್ಲ ಹೊಡೆದಾಗ ಅಷ್ಟು ಜನರೆದುರು ನಾನು ಕೈ ಎತ್ಕೊಂಡು ಕೂತಿರ್ತಿದ್ದೆ. ನಿನ್ನ ಸ್ವರ ಕೇಳಿಸ್ತು, ಹಿಡ್ಕೊಂಡೆ."

ಮೂರು ವಾರ ಅವರು ಯಾಕೆ ಆ ಸಂಜೆಯ ಬಗ್ಗೆ ಯಾರೊಡನೆಯೂ ಮಾತಾಡಲಿಲ್ಲವೆಂದು ಆಗ ತಿಳಿಯಿತು. ಇವನೊಬ್ಬನೇ ನಿದ್ದೆಗೆಟ್ಟಿದ್ದಾನೆ ಅಂದುಕೊಂಡಿದ್ದೆ ನಾನು.

"ನಿಮ್ಮ ದನಿ ಮಾತ್ರ ತೆಗೀಲಾ ಟೀಚರ್?"

"ತೆಗೆಯೋಕಾಗತ್ತಾ?"

"ಪೂರ್ತಿ ಆಗಲ್ಲ. ಸೋರಿರತ್ತೆ."

"ಹಾಗಿದ್ರೆ ಇರ್ಲಿ ಬಿಡು." ಅವರು ತಮ್ಮನ ಕಡೆ ತಿರುಗಿದರು. "ಮುಂದಿನ ತಿಂಗಳು ಡ್ರಮ್ ಪಕ್ಕ ನಿಲ್ಲಬೇಡ ನೀನು. ನನ್ನೆದುರಿಗೆ ನಿಂತ್ಕೋ. ಎಣಿಸೋವಾಗ ತುಟಿ ಅಲ್ಲಾಡಿಸು, ನಂಗೆ ಕಾಣೋ ಹಾಗೆ."

ತಮ್ಮ ತಲೆಯೆತ್ತಿದ. "ಟೀಚರ್, ನಾನೇ ತಪ್ಪು ಎಣಿಸೋನು."

"ತಪ್ಪಿದ್ರೆ ತಪ್ಪಲಿ. ಇಬ್ರೂ ಒಂದೇ ಕಡೆ ತಪ್ಪೋಣ."

ಮೊದಲನೇ ದಿನದ ನಲವತ್ತು ಸೆಕೆಂಡು ಕಿತ್ತು ಮೂರನೇ ದಿನದ್ದನ್ನು ಇದ್ದ ಜಾಗದಲ್ಲೇ ಇಟ್ಟು, ಹಾಡನ್ನು ಮೊದಲಿಂದ ಹಾಕಿದೆ. ಕೆಳಗೆ ಬಡಗಿಯ ಕಾಲು ಗಂಟೆ ಮುಗಿದು ಗರಗಸ ಮತ್ತೆ ಶುರುವಾಗಿತ್ತು. ಯಾರೂ ಅದನ್ನು ಗಮನಿಸಲಿಲ್ಲ. ತಮ್ಮ ಕುರ್ಚಿಯನ್ನು ಎಳೆದುಕೊಂಡು ಹೋಗಿ ಟೀಚರ ಎದುರಿಗೆ ಕೂತ. ಒಂಬತ್ತನೇ ನಿಮಿಷಕ್ಕೆ ಎಲ್ಲ ನಿಂತಾಗ ಅವನ ತುಟಿ ಅಲ್ಲಾಡತೊಡಗಿತು. ಟೀಚರ್ ಈ ಸಲ ಕಣ್ಣು ಮುಚ್ಚಲಿಲ್ಲ.