ಹೊಸ ತೊಟ್ಟಿಲಲ್ಲಿ ಮೊದಲು ಮಲಗಿದ್ದು

ನಾನು ಹುಟ್ಟುವ ಮೊದಲೇ ನಮ್ಮಜ್ಜ ನನ್ನನ್ನು ದೆವ್ವಕ್ಕೆ ಕೊಟ್ಟುಬಿಟ್ಟಿದ್ದ. ಇದನ್ನು ಅವನೇ ಎಷ್ಟೋ ವರ್ಷಗಳ ಮೇಲೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದ.

ಅಜ್ಜನ ಹೆಸರು ಶಂಭುಲಿಂಗಪ್ಪ, ಊರು ಯರಗುಪ್ಪಿ. ಹನ್ನೆರಡು ಎಕರೆ ಎರೆಹೊಲವಿದ್ದರೂ ಅವನ ಕಣ್ಣು ಬಾಜೂ ಹೊಲದ ಮೇಲೆ. ಅದು ಹೊಳೆಯಪ್ಪನದು. ಪ್ರತಿ ವರ್ಷ ಅಜ್ಜ ಬದುವನ್ನು ಒಂದು ಗೇಣು ಆಚೆ ತಳ್ಳುವುದು, ಹೊಳೆಯಪ್ಪ ಜಗಳ ಮಾಡಿ ಈಚೆ ತರುವುದು ನಡೆದೇ ಇತ್ತು. ಎಂಬತ್ತನಾಲ್ಕನೇ ಇಸವಿಯ ಬೇಸಿಗೆ. ನೆತ್ತಿ ಸುಡುವ ಮಧ್ಯಾಹ್ನ ಅಜ್ಜ ಗಡಿಕಲ್ಲಿನ ಹತ್ತಿರ ಜಾಲಿಗಿಡದ ಕೆಳಗೆ ಇದನ್ನೇ ಚಿಂತಿಸುತ್ತ ಕೂತಿದ್ದಾಗ, ರುಮಾಲು ಸುತ್ತಿದವನೊಬ್ಬ ಬಂದು ಎಲೆಅಡಿಕೆ ಕೇಳಿದ. ಕೊಡುವಾಗ ಅಜ್ಜನ ದೃಷ್ಟಿ ಅವನ ಕಾಲಿಗೆ ಬಿತ್ತು. ಹಿಮ್ಮಡಿ ಮುಂದೆ, ಬೆರಳು ಹಿಂದೆ. ಬೇರೆಯವರಾಗಿದ್ದರೆ ಎದ್ದು ಓಡುತ್ತಿದ್ದರು. ನಮ್ಮಜ್ಜ, ಇದರಿಂದ ಏನಾದರೂ ಉಪಯೋಗ ಆದೀತೇ ಎಂದು ನೋಡಿದ.

ವರ್ಷಕ್ಕೆ ಹತ್ತು ಮಾರು ಗಡಿಕಲ್ಲು ತಾನಾಗಿ ಸರಿಯುತ್ತದೆ, ಯಾರೂ ಜಗಳಕ್ಕೆ ಬರುವುದಿಲ್ಲ ಎಂದು ದೆವ್ವ ಮಾತು ಕೊಟ್ಟಿತು, ಬದಲಿಗೆ ತನ್ನದೊಂದು ಕರಾರು ಹೇಳಿತು.

“ನಿಮ್ಮ ಮನ್ಯಾಗ ಹೊಸಾ ತೊಟ್ಲಾ ಕಟ್ಟಿದಾಗ, ಅದರಾಗ ಮೊದಲ ಮಲಗಿಸಿದ್ದು ನಂದು.”

ಇದ್ದೊಬ್ಬ ಮಗಳು ನಮ್ಮವ್ವ. ಲಗ್ನವಾಗಿ ಎಂಟು ವರ್ಷವಾಗಿತ್ತು, ಮಕ್ಕಳಾಗುತ್ತವೆಂಬ ಆಸೆಯನ್ನು ಎಲ್ಲರೂ ಬಿಟ್ಟಿದ್ದರು. ಅಜ್ಜನಿಗೆ ಇದು ಪುಕ್ಕಟೆ ವ್ಯವಹಾರ ಅನಿಸಿತು. ಮಗಳ ದುಃಖವನ್ನೂ ಲಾಭಕ್ಕೆ ಹಚ್ಚಿದ ಮನುಷ್ಯ! ಹೂಂ ಅಂದ. ಮರುದಿನ ಕಲ್ಲು ಹತ್ತು ಮಾರು ಆಚೆ ಇತ್ತು. ಹೊಳೆಯಪ್ಪ ಬಂದು ನೋಡಿ, ಏನೂ ತಿಳಿಯದೆ ತಲೆ ಕೆರೆದುಕೊಂಡು ಹೋದ.

ಎಂಟು ದಿನಕ್ಕೆ ಅಳಿಯನ ಕಾಗದ ಬಂತು. ನಮ್ಮವ್ವನಿಗೆ ಮೂರು ತಿಂಗಳು. ಅಜ್ಜಿ ಮಹಾದೇವಕ್ಕ ಓಣಿಗೆಲ್ಲ ಸಕ್ಕರೆ ಹಂಚಿದಳು, ಅಜ್ಜ ಅಂದು ಊಟ ಮಾಡಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ, ತೊಟ್ಟಿಲೂ ತವರಿನದೇ. ಅಜ್ಜ ತೊಟ್ಟಿಲೇ ಬೇಡ, ಸೀರೆಯ ಜೋಳಿಗೆ ಸಾಕು ಎಂದು ಹಟ ಹಿಡಿದ. ಜಿಪುಣತನಕ್ಕೂ ಒಂದು ಮಿತಿ ಬೇಡವೇ ಎಂದು ಅಜ್ಜಿ ಬೈದಳು. ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಜಾಲಿಗಿಡಕ್ಕೆ ಹೋಗಿ, ನೀ ಕೊಟ್ಟ ಹೊಲ ನೀನೇ ತಗೋ ಎಂದು ಅತ್ತ. ಯಾರೂ ಬರಲಿಲ್ಲ. ನಾನು ಹುಟ್ಟಿ ಅವನ ಹೆಬ್ಬೆರಳು ಹಿಡಿದ ಮೇಲಂತೂ ಅವನಿಗೆ ಹೊಲದ ಹೆಸರೇ ಬೇಡವಾಯಿತು. ಅಜ್ಜಿ ತಾನೇ ಕಲಘಟಗಿಗೆ ಹೋಗಿ, ಬಣ್ಣದ ತೊಟ್ಟಿಲನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದಳು.

ಹೆಸರಿಡುವ ದಿನ ಗಂಡಸರೆಲ್ಲ ಹೊರಗೆ ಕಟ್ಟೆಯ ಮೇಲಿದ್ದರು. ಅಜ್ಜ ಹೆಂಗಸರ ನಡುವೆ ನುಗ್ಗಲು ಹೋದಾಗ ಅಜ್ಜಿ ಗದರಿಸಿ ಹೊಸ್ತಿಲಾಚೆ ನಿಲ್ಲಿಸಿದಳು. ಅಲ್ಲಿಂದಲೇ ಅವನಿಗೆ ಕಂಡಿತು. ತೊಟ್ಟಿಲ ಬಾಜೂ ಆ ರುಮಾಲಿನವ ನಿಂತಿದ್ದ. ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಜ್ಜಿ ಹೊಸ ಅರಿವೆಯಲ್ಲಿ ಸುತ್ತಿ ತಲೆಗೆ ಕುಲಾಯಿ ತೊಡಿಸಿದ್ದನ್ನು ಎತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಅಜ್ಜ ಹೊಸ್ತಿಲ ಮೇಲೆ ಕೂತುಬಿಟ್ಟ. ಹಾಡು ಹೇಳಿ ತೂಗಿದ ಹೆಂಗಸರು ಆಚೆ ತಿರುಗಿದ್ದೇ ತಡ, ದೆವ್ವ ಬಗ್ಗಿ ಆ ಗಂಟನ್ನು ಬಾಚಿಕೊಂಡಿತು, ಭಾರಕ್ಕೆ ಮುಗ್ಗರಿಸಿತು. ಅರಿವೆ ಸರಿಸಿ ನೋಡಿತು.

ಖಾರ ಅರೆಯುವ ಗುಂಡುಕಲ್ಲು.

ಕೂಸು ಗಟ್ಟಿಯಾಗಲಿ ಎಂದು, ಅದಕ್ಕಿಂತ ಮೊದಲು ಗುಂಡುಕಲ್ಲನ್ನು ಕೂಸಿನ ಹಾಗೆ ಸುತ್ತಿ ತೊಟ್ಟಿಲಲ್ಲಿ ಹಾಕಿ ತೂಗುವುದು ನಮ್ಮ ಹೆಂಗಸರ ಪದ್ಧತಿ. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಜಗಿಯುವವರಿಗೆ ಇದೆಲ್ಲ ಎಲ್ಲಿ ಗೊತ್ತು? ಅಜ್ಜನಿಗೂ ಗೊತ್ತಿರಲಿಲ್ಲ, ದೆವ್ವಕ್ಕೂ ಗೊತ್ತಿರಲಿಲ್ಲ. ನಾನು ಅವ್ವನ ತೊಡೆಯ ಮೇಲೆ ನಿದ್ದೆ ಹೊಡೆಯುತ್ತಿದ್ದೆ.

“ಮಾತಂದ್ರ ಮಾತು,” ಎಂದು ಗೊಣಗಿ ದೆವ್ವ ಕಲ್ಲು ಹೊತ್ತುಕೊಂಡು ಹೋಯಿತು. ತೊಟ್ಟಿಲು ಖಾಲಿಯಾದದ್ದು ಕಂಡು ಹೆಂಗಸರು ಕಲ್ಲು ಹುಡುಕತೊಡಗಿದರು. ಅಜ್ಜ ಹೊಸ್ತಿಲ ಮೇಲೆ ಕೂತು ಅಳುತ್ತಳುತ್ತ ನಗುತ್ತಿದ್ದ.

“ಮಲಗಸ್ರಿ,” ಅಂದ. “ಈಗ ನನ್ನ ಮೊಮ್ಮಗಳನ್ನ ಮಲಗಸ್ರಿ.”

ಮರುದಿನ ಹಾರೆ ಹಿಡಿದು ಹೋಗಿ ಗಡಿಕಲ್ಲನ್ನು ಮೊದಲಿನ ಜಾಗಕ್ಕೆ ತಂದು ಹುಗಿದ, ಹೊಳೆಯಪ್ಪನ ಕಡೆಗೆ ಒಂದು ಗೇಣು ಹೆಚ್ಚೇ ಬಿಟ್ಟ. ಹೊಳೆಯಪ್ಪ ಅದಕ್ಕೂ ತಲೆ ಕೆರೆದುಕೊಂಡ. ಅಜ್ಜಿಗೆ ಮಾತ್ರ ತನ್ನ ಅತ್ತೆಯ ಕಾಲದ ಕಲ್ಲು ಹೋದ ಸಿಟ್ಟು. ಹೊಸದು ತರಲು ಅಜ್ಜ ಕುಂದಗೋಳದ ಸಂತೆಗೆ ಹೋದ. ಬರುವಾಗ ಬಸ್ಸಿನಲ್ಲಿ ಅದನ್ನು ಕೆಳಗಿಡು ಎಂದು ಕಂಡಕ್ಟರ್ ಎಷ್ಟು ಹೇಳಿದರೂ ಇಡಲಿಲ್ಲವಂತೆ. ತನ್ನ ರುಮಾಲು ಬಿಚ್ಚಿ ಸುತ್ತಿ, ಯರಗುಪ್ಪಿಯ ತನಕ ತೊಡೆಯ ಮೇಲೆ ಮಲಗಿಸಿಕೊಂಡೇ ತಂದ.