ಜೊಂಡು ಮುಳುಗಿಸಿದ ವರ್ಷ

ಕಸ್ತೂರಮ್ಮನಿಗೆ ಮರೆವು ಎಂಬುದೇ ಇಲ್ಲವೆಂದು ಊರವರು ನಂಬಿದ್ದರು. ಅವಳೂ ನಂಬಿದ್ದಳು, ತೊಂದರೆಯಾದದ್ದೇ ಅಲ್ಲಿ.

ಹರಿಹರದ ಹತ್ತಿರದ ಆ ಊರಿನ ಕೆರೆಯನ್ನು ಜೊಂಡು ನುಂಗಿಹಾಕಿತ್ತು. ಆಳೆತ್ತರದ ಆ ಹುಲ್ಲಿನೊಳಗೆ ಎಮ್ಮೆ ಇಳಿದರೆ ಹುಡುಕಲು ಊರೇ ಬರಬೇಕು. ಒಂದು ವರ್ಷ ಕೊಯ್ದರು, ಮಳೆಗಾಲಕ್ಕೆ ಮತ್ತೆ ಎದ್ದಿತು. ಇನ್ನೊಂದು ವರ್ಷ ಔಷಧಿ ಹೊಡೆದರು, ಸತ್ತದ್ದು ಮೀನು, ಚಿಗುರಿದ್ದು ಜೊಂಡು. ಒಂದೊಂದೇ ಮಾಡಿದ್ದಕ್ಕೇ ಹೀಗಾಯಿತು, ಕೊಯ್ಲು, ಔಷಧಿ ಎರಡರ ಜೊತೆ ಮುಳುಗಿಸುವುದನ್ನೂ ಸೇರಿಸಿ ಮಾಡೋಣ ಎಂದಳು, ಆಗಷ್ಟೇ ಕೆರೆ ಸಂಘದ ಅಧ್ಯಕ್ಷೆಯಾಗಿದ್ದ ಕಸ್ತೂರಮ್ಮ. ಬೇಸಿಗೆಯಲ್ಲಿ ನೆಲಮಟ್ಟಕ್ಕೆ ಕೊಯ್ಯುವುದು, ನೀರು ಮುಟ್ಟದ ದಂಡೆಯ ಬುಡಗಳಿಗಷ್ಟೇ ಔಷಧಿ ಸವರುವುದು, ಆಮೇಲೆ ಭದ್ರಾ ನಾಲೆಯ ನೀರು ತುಂಬಿಸಿ, ಕೊಯ್ದುಳಿದ ಕೂಳೆಗೆ ಉಸಿರೇ ಸಿಗದಂತೆ ಮುಳುಗಿಸಿಡುವುದು. ಅದು ಕೊಳೆಯುವ ತನಕ ಗದ್ದೆಗೆ ನೀರು ಬಿಡುವ ತೂಬು ಎತ್ತುವಂತಿಲ್ಲ. ಇದೂ ಕೈಕೊಟ್ಟರೆ ಇಡೀ ಕೆರೆಗೆ ಔಷಧಿ ಹೊಡೆಯುವುದೆಂದು ಸಂಘ ಠರಾವು ಮಾಡಿತ್ತು. ಆಗ ಮೀನಿಗೂ ದನಗಳ ನೀರಿಗೂ ಎಳ್ಳುನೀರು ಬಿಟ್ಟಂತೆಯೇ.

ಅದಕ್ಕೇ ಅವಳು ಮನೆಮನೆಗೆ ಹೋಗಿ, ಈ ಸಲ ಭತ್ತದ ಸಸಿಮಡಿ ತಡವಾಗಿ ಹಾಕಿ ಎಂದು ಕೈಮುಗಿದು ಬಂದಳು. ಒಂದು ಮನೆ ಬಿಟ್ಟುಹೋಯಿತು, ತನ್ನದೇ. ಗಂಡ ಮುರುಗೇಶಪ್ಪ ಬೆಳಗಾದರೆ ದಾವಣಗೆರೆಯ ಮಂಡಿ ಅಂಗಡಿಗೆ ಹೋಗುವವನು. ಪ್ರತಿವರ್ಷದಂತೆ ಆಳಿಗೆ ಹೇಳಿ ಬೀಜ ಚೆಲ್ಲಿಸಿದ್ದ. ಅಧ್ಯಕ್ಷೆಯ ಮನೆಗೇ ಗೊತ್ತಿರುವುದಿಲ್ಲವೇ ಎಂದು ಊರೂ ಸುಮ್ಮನಿತ್ತು.

ಕೆರೆ ತುಂಬಿತು, ತೂಬು ಮುಚ್ಚಿತು, ಮಳೆ ಮುಖ ತೋರಿಸಲಿಲ್ಲ. ಇಡೀ ಬಯಲಿನಲ್ಲಿ ಇದ್ದದ್ದು ಅವರದೊಂದೇ ಸಸಿಮಡಿ, ಅದೂ ಹಳದಿಗೆ ತಿರುಗಿತು. ತನ್ನ ಮನೆಯಲ್ಲೇ ಹೇಳಲು ಮರೆತದ್ದು ಕಸ್ತೂರಮ್ಮನಿಗೆ ಅದನ್ನು ನೋಡಿದಾಗಲೇ ಹೊಳೆದದ್ದು.

"ಗುತ್ತೆಪ್ಪಗೆ ಹೇಳಿ ತೂಬು ಒಂದು ಗೇಣು ಎತ್ತಿಸು" ಎಂದ ಮುರುಗೇಶಪ್ಪ ಊಟಕ್ಕೆ ಕೂತಾಗ. ತೂಬು ನೋಡಿಕೊಳ್ಳುವ ನೀರಗಂಟಿ ಗುತ್ತೆಪ್ಪ ಅವಳ ಮಾತು ಮೀರುವವನಲ್ಲ. "ಯಾರಿಗೂ ಗೊತ್ತಾಗಲ್ಲ."

"ಜೊಂಡಿಗೆ ಗೊತ್ತಾಗ್ತೈತೆ ರೀ" ಎಂದಳು ಕಸ್ತೂರಮ್ಮ. "ನೀರು ಇಳಿದ್ರೆ ಅದು ತಲೆ ಎತ್ತತೈತೆ. ನಮ್ಮ ಮಡಿ ಒಣಗ್ಲಿ, ತೂಬು ಎತ್ತೋದು ಬ್ಯಾಡ."

ಮಡಿ ಒಣಗಿತು. ಮುರುಗೇಶಪ್ಪ ಆಮೇಲೆ ಆ ಮಾತೆತ್ತಲಿಲ್ಲ, ಬೇರೆ ಮಾತೂ ಅಷ್ಟಾಗಿ ಆಡಲಿಲ್ಲ. ಅವಳಿಗೆ ಬೈಸಿಕೊಳ್ಳುವುದೇ ವಾಸಿ ಎನಿಸಿತು. ಆದರೂ ಮನಸ್ಸು ಅಲುಗಲಿಲ್ಲ.

ಕೊನೆಗೆ, ಜೊಂಡು ಕೊಳೆಯಿತೇ ಎಂದು ನೋಡಲು ಕೆರೆಯ ಏರಿಯ ಮೇಲೆ ಸಂಘ ಸೇರಿತು. ಎಲ್ಲರಿಗಿಂತ ಮೊದಲು ಪಂಚೆ ಎತ್ತಿಕಟ್ಟಿ ನೀರಿಗಿಳಿದವನು ಮುರುಗೇಶಪ್ಪ. ಕೈಯಾಡಿಸಿ ಒಂದು ಕೂಳೆ ಹಿಡಿದೆಳೆದ. ಅದು ಕಪ್ಪಗೆ ಕೊಳೆತು ಬುಡಸಮೇತ ಕೈಗೆ ಬಂತು. ಇನ್ನೊಂದನ್ನು ಎಳೆದ, ಮತ್ತೊಂದನ್ನು ಎಳೆದ. ನಾತಕ್ಕೆ ಮೂಗು ಮುಚ್ಚಿಕೊಂಡವರೂ ನಗುತ್ತಿದ್ದರು.

"ಜೊಂಡು ಸತ್ತೈತೆ. ಔಷಧಿ ಠರಾವು ಹೊಡೆದು ಹಾಕ್ರಿ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. "ಒಂದು ಮಾತು ಹೇಳಿದ್ರೆ ನಾನೂ ಕಾಯ್ತಿದ್ದೆ, ಕಸ್ತೂರಿ. ಊರು ಕಾಯ್ಲಿಲ್ಲೇನು?"

ಕಸ್ತೂರಮ್ಮ ಕೈ ಚಾಚಿ ಗಂಡನನ್ನು ಏರಿಗೆ ಹತ್ತಿಸಿಕೊಂಡಳು.